ದೇವಿಯ ಬೆರಳಿಗೆ ರೇಖೆ ಬಂದದ್ದು

ವಾನಳ್ಳಿಯ ದೇವಿ ಮೆಟ್ಟುಗತ್ತಿಯ ಮುಂದೆ ಕೂತರೆ ಹಸಿ ಅಡಿಕೆಗಳು ಹೆದರಿ ತಾವೇ ಸಿಪ್ಪೆ ಕಳಚಿಕೊಳ್ಳುತ್ತಿದ್ದವು. ಒಮ್ಮೆ ಅವಳು ಸೀನಿದ ರಭಸಕ್ಕೆ ಅರ್ಧ ಬುಟ್ಟಿ ಸುಲಿದುಹೋಯಿತೆಂದು ಗಂಡ ಶಾಂತಾರಾಮ ಇಂದಿಗೂ ಆಣೆ ಹಾಕುತ್ತಾನೆ. ಅಂಥವಳಿಗೆ ಈಗ ಇದ್ದದ್ದು ಒಂದೇ ಆಸೆ: ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ರಕ್ಷಿತಾಳ ಚೊಚ್ಚಲ ಹೆರಿಗೆಗೆ ಮುಂಚೆ ಅಲ್ಲಿ ಮುಟ್ಟಬೇಕು, ಬಾಣಂತನ ತಾನೇ ಮಾಡಬೇಕು.

ಶಿರಸಿಯಲ್ಲಿ ವೀಸಾ ಅರ್ಜಿ ತುಂಬಿಕೊಡುವ ಅಖ್ತರ್ ಕಾಗದಗಳನ್ನು ನೋಡಿದ. ಪಾಸ್‌ಪೋರ್ಟ್ ಸರಿ, ಮಗಳು ಕಳಿಸಿದ ಆಹ್ವಾನಪತ್ರವೂ ಸರಿ.

"ಮಗಳ ಮನೆಗೆ ಹೋಗೂಕೂ ಕರೆಯೋಲೆ ಬೇಕಾ?"

"ಅಷ್ಟೇ ಅಲ್ಲ ದೇವಕ್ಕ, ನೀವು ವಾಪಸ್ ಬರ್ತೀರಿ ಅಂತ ಅವರಿಗೆ ನಂಬಿಕೆ ಬರಬೇಕು. ಊರಲ್ಲಿ ಎಂತೆಂತ ಇದೆ ಹೇಳಿ."

"ಗಬ್ಬದ ಎಮ್ಮೆ ಇದೆ ಅಂತ ಬರಿ. ಇವ್ರೂ ಇದ್ದಾರೆ. ಎಮ್ಮೆ ಮೊದ್ಲು ಬರಿ."

ಅಖ್ತರ್ ಎಮ್ಮೆಯನ್ನು ಕೈಬಿಟ್ಟು ತೋಟದ ಪಹಣಿ ಲಗತ್ತಿಸಿದ. "ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ಕೊಡಬೇಕು" ಎನ್ನುತ್ತ ಅವಳ ಕೈ ನೋಡಿದ. ಅಡಿಕೆಯ ಚೊಗರು ಕುಡಿದು ಬೆರಳು ಕಪ್ಪಾಗಿ, ತುದಿಯ ರೇಖೆಗಳೆಲ್ಲ ಸವೆದುಹೋಗಿದ್ದವು. ತನ್ನ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಡಿಸಿ ನೋಡಿದ. ಇಲ್ಲಿ ಯಾರೂ ಇಲ್ಲ ಎಂಬಂತೆ ಯಂತ್ರ ತೆಪ್ಪಗಿತ್ತು.

"ರೇಶನ್ ಅಂಗಡೀಲೂ ಹೀಗೇ. ಇವ್ರ ಬೆರಳಲ್ಲೇ ಅಕ್ಕಿ ತರೂದು."

"ವೀಸಾಕ್ಕೆ ಗಂಡನ ಬೆರಳು ನಡೆಯೂದಿಲ್ಲ ಅಕ್ಕ. ಬೆಂಗಳೂರಿಗೆ ಹೋಗುವವರೆಗೆ ಕತ್ತಿ ಮುಟ್ಟಬೇಡಿ. ರೇಖೆ ಮತ್ತೆ ಬರ್ತದೆ."

ಕೊನೆಕೊಯ್ಲಿನ ಹೊತ್ತಲ್ಲಿ ಇಂಥ ಮಾತು! ಅಂಗಳದ ತುಂಬ ಅಡಿಕೆ. ದೇವಿ ಕೈಕಟ್ಟಿ ಕೂತಿದ್ದಳು. ಅವಳ ಬೆರಳಿನ ಚಡಪಡಿಕೆಗೆ ಜಗಲಿಯ ಹೆಂಚು ಅಲುಗುತ್ತಿತ್ತಂತೆ. ಶಾಂತಾರಾಮ ಸುಲಿದದ್ದೋ, ಹೆಗ್ಗಣ ಕಡಿದು ಬಿಟ್ಟ ಹಾಗಿತ್ತು. ಒಂದು ಸಂಜೆ ತಡೆಯಲಾರದೆ ಅವನನ್ನು ಅತ್ತ ತಳ್ಳಿ ತಾನೇ ಕತ್ತಿಯ ಮುಂದೆ ಕೂತಳು.

"ಸುಲಿ, ಸುಲಿ," ಎಂದ ಶಾಂತಾರಾಮ. "ಬಾಣಂತನಕ್ಕೆ ನಾನೇ ಹೋಗ್ತೆ. ಎಂತ ಮಹಾ? ಕೂಸಿಗೆ ಎಣ್ಣೆ ಹಚ್ಚೂದು, ನೀರು ಹೊಯ್ಯೂದು."

ಒಲೆ ಹೊತ್ತಿಸಲೂ ಬಾರದ ಗಂಡ, ಅವನ ಕೈಯಲ್ಲಿ ಎಳೆಗೂಸು. ಅದನ್ನು ನೆನೆದದ್ದೇ ದೇವಿ ಅಡಿಕೆಯನ್ನು ಕೆಂಡದಂತೆ ಕೆಳಗೆ ಹಾಕಿದಳು. ಒಳಗೆ ಹೋಗಿ ಎರಡೂ ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡಳು.

ಬೆಂಗಳೂರಿನ ಯಂತ್ರ ಉಳಿದೆಲ್ಲ ಬೆರಳು ಒಪ್ಪಿ, ಬಲ ಹೆಬ್ಬೆಟ್ಟಿಗೆ ಮಾತ್ರ ತಕರಾರು ತೆಗೆಯಿತು.

"ಒರೆಸಿ ಇನ್ನೊಮ್ಮೆ ಇಡಿ, ಅಮ್ಮ," ಎಂದಳು ಅಲ್ಲಿನ ಹುಡುಗಿ.

ದೇವಿ ಉಸಿರು ಬಿಗಿಹಿಡಿದು ಒತ್ತಿದ ಒತ್ತಿಗೆ ಮೇಜು ತುಮಕೂರಿನ ಕಡೆ ನಾಲ್ಕು ಗೇಣು ಜರುಗಿತು. ಹಸಿರು ದೀಪ ಹತ್ತಿತು.

ವೀಸಾ ಬಂತು. ಕೂಸಿಗಿಂತ ಮೊದಲೇ ಅಜ್ಜಿ ಇಂಗ್ಲೆಂಡ್ ಮುಟ್ಟಿದಳು. ಹೋದ ದಿನವೇ ತುಂಬುಬಸುರಿ ಮಗಳ ಸೊಂಟ ನೀವಲು ಕೂತಾಗ ರಕ್ಷಿತಾ ಹೊರಳಿ ನೋಡಿದಳು.

"ಅಮ್ಮಾ, ಇದು ನಿನ್ನ ಕೈಯೇ ಹೌದಾ? ಇಷ್ಟು ಮೆತ್ತಗೆ?"

"ನಂದೇ. ಇಲ್ಲಿನ ಸರ್ಕಾರವೇ ಪರೀಕ್ಷೆ ಮಾಡಿ ಬಿಟ್ಟಿದೆ. ಆ ಕಡೆ ತಿರುಗಿ ಮಲಗು."