ರುದ್ರಪ್ಪನವರು ಹೇಳಿದ ಬಣ್ಣ

ಅದು ಕೊರೊನಾ ಮುಗಿದ ಮರುವರ್ಷ. ಹೊನ್ನಾಳಿಯಲ್ಲಿ ನನ್ನ ಫೋಟೋ ಸ್ಟುಡಿಯೊಗೆ ಆಗಲೇ ಇಪ್ಪತ್ತು ವರ್ಷ ತುಂಬಿತ್ತು. ಮದುವೆ ಸೀಸನ್ ಬೇರೆ, ಆಲ್ಬಮ್ ಯಾವಾಗ ಕೊಡ್ತೀರಿ ಎಂದು ಜನ ತಲೆ ತಿನ್ನುತ್ತಿದ್ದರು. ಅಂಥ ದಿನ ನ್ಯಾಮತಿಯ ರುದ್ರಪ್ಪನವರು ಹೆಂಡತಿ ಗೌರಮ್ಮನವರ ಕೈ ಹಿಡಿದು ಬಂದರು. ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು.

ಅವರು ಕೊನೆಯ ಸಲ ಬಸ್ಸು ಓಡಿಸಿದ ಸಂಜೆ, ತುಂಗಭದ್ರೆಯ ಸೇತುವೆ ಮೇಲೆ ಕಂಡಕ್ಟರ್ ಮೊಬೈಲಿನಲ್ಲಿ ಸೂರ್ಯಾಸ್ತದ ಫೋಟೋ ತೆಗೆದಿದ್ದ. ಅವರು ತಂದಿದ್ದ ಆ ಫೋಟೋ ಓವರ್ ಎಕ್ಸ್‌ಪೋಸ್ ಆಗಿತ್ತು. ಅಂದರೆ ಬೆಳಕು ಹೆಚ್ಚಾಗಿ ಆಕಾಶವೆಲ್ಲ ಸುಣ್ಣ ಬಳಿದಂತೆ ಬಿಳಿ.

“ಬೆಳ್ಳಗೈತೆ ಅಂತಾಳೆ ಇವಳು. ನಾನು ಕಂಡಿದ್ದು ಹಂಗಲ್ರೀ. ಮೇಲೆ ನೇರಳೆ ಹಣ್ಣಿನ ಬಣ್ಣ, ಕೆಳಗೆ ಕುಂಕುಮ. ನೀರಿನ ಮೇಲೆ ಅರಿಶಿನದ ಪಟ್ಟಿ, ರೋಡಿನ ನಡು ಗೆರೆ ಹಂಗೆ. ಹಂಗೇ ಮಾಡ್ರಿ, ಮನೆಗೆ ಬಂದೋರಿಗೆ ತೋರ್ಸಾಕೆ ಬೇಕು.”

ಕಂಪ್ಯೂಟರಿನಲ್ಲಿ ಆಕಾಶ, ನೀರು ಬೇರೆ ಬೇರೆ ಮಾಡಿ ಬಣ್ಣ ಕೂಡಿಸಬೇಕು. ಅರ್ಧ ದಿನದ ಕೆಲಸ. ಗೌರಮ್ಮ ಮಾತ್ರೆ ತರಲು ಹೋಗಿದ್ದರು. ಕಣ್ಣಿಲ್ಲದವರಿಗೆ ಯಾವ ಬಣ್ಣವಾದರೇನು ಅನ್ನಿಸಿತು ನನಗೆ. ಅವರಿಗೆ ಕೇಳಿಸುವ ಹಾಗೆ ಸುಮ್ಮನೆ ಮೌಸ್ ಟಕಟಕ ಒತ್ತಿದೆ. “ಆಯ್ತು ಯಜಮಾನ್ರೇ, ನೀವು ಹೇಳ್ದಂಗೇ ಬಂತು” ಎಂದೆ. ಇದ್ದ ಫೋಟೋವನ್ನೇ ಪ್ರಿಂಟ್ ಹಾಕಿ, ಫ್ರೇಮು ಕೂರಿಸಿ, ಪೇಪರ್ ಸುತ್ತಿ ಕೊಟ್ಟೆ. ಗೌರಮ್ಮ ಬಂದ ಮೇಲೆ ಅವರು ಅದನ್ನು ಎದೆಗೊತ್ತಿಕೊಂಡು ಹೋದರು.

ಹದಿನೈದು ದಿನ ಕಳೆದಿರಬೇಕು, ಗೌರಮ್ಮ ಒಬ್ಬರೇ ಬಂದು ಫ್ರೇಮನ್ನು ಟೇಬಲ್ ಮೇಲಿಟ್ಟರು.

“ಬಂದೋರಿಗೆಲ್ಲ ಇದನ್ನ ತೋರ್ಸಿ ಬಣ್ಣ ಹೇಳ್ತಾರೆ. ಅವರು ಫೋಟೋ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ, ‘ಹೌದ್ರೀ, ಹೌದ್ರೀ’ ಅಂತಾರೆ. ಕಣ್ಣು ಕಾಣಲ್ಲ ಅಂತ ಹಿಂಗೆ ಮಾಡಿದ್ರೇನಪ್ಪಾ?”

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೇರೆ ಕೆಲಸವೆಲ್ಲ ಬದಿಗಿಟ್ಟು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಗಂಡ ಹೇಳಿ ಹೇಳಿ ಅವರಿಗೆ ಬಣ್ಣವೆಲ್ಲ ಬಾಯಿಪಾಠವಾಗಿತ್ತು. ನೇರಳೆ ಬಣ್ಣ ಆಕಾಶದಲ್ಲಿ ಇಳಿದು, ನೀರಿನ ಮೇಲೆ ಆ ಅರಿಶಿನದ ಪಟ್ಟಿ ಮೂಡಿದಾಗ ಸೆರಗು ಬಾಯಿಗಿಟ್ಟುಕೊಂಡರು.

“ಇದನ್ನಾ ಅವ್ರು ಇಷ್ಟು ದಿನ ಹೇಳ್ತಿದ್ದಿದ್ದು!”

ಅದೇ ಫ್ರೇಮಿಗೆ ಹೊಸ ಪ್ರಿಂಟ್ ಕೂರಿಸಿದೆ. ಗಂಡನಿಗೆ ಹೇಳುವುದಿಲ್ಲ ಎಂದರು ಆಕೆ. ಸದ್ಯ, ಬಚಾವಾದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದೆ ಒಂದು ನಾಮಕರಣದ ಫೋಟೋ ತೆಗೆಯಲು ನ್ಯಾಮತಿಗೆ ಹೋದಾಗ ಅವರ ಮನೆಗೆ ಹೋದೆ. ರುದ್ರಪ್ಪನವರು ದನಿಯಲ್ಲೇ ಗುರುತು ಹಿಡಿದರು. ಟೀ ಬಂತು.

“ಮೊದ್ಲು ಫೋಟೋ ತೋರ್ಸಿದ್ರೆ ಸಾಕು, ಎಲ್ರೂ ‘ಹೌದ್ರೀ, ಹೌದ್ರೀ’ ಅಂತಿದ್ರು. ಈಗ ಯಾರೂ ಮಾತೇ ಆಡಲ್ಲ, ಸುಮ್ನೆ ನೋಡ್ತಾ ನಿಲ್ತಾರೆ” ಎಂದವರು ನನ್ನ ಕಡೆ ತಿರುಗಿದರು. “ಯಾವಾಗ ಸರಿ ಮಾಡಿದ್ರಿ?”

ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಗಿರಾಕಿಗೆ ಗೊತ್ತಾಗಲ್ಲ ಬಿಡು ಎಂಬ ಯೋಚನೆ ಈಗಲೂ ಒಮ್ಮೊಮ್ಮೆ ಬರುತ್ತದೆ. ಆಗ ರುದ್ರಪ್ಪನವರ ಆ ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ, ಮತ್ತೆ ಮೊದಲಿನಿಂದ ಕೆಲಸ ಶುರು ಮಾಡುತ್ತೇನೆ.