ಯಾರೇ ಸನ್ನೆ ಕೊಟ್ಟರೂ

ಬಂದರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು 'ಮೇಲಿನವನು'. ದಿನವೂ ನೂರಮೂವತ್ತೆರಡು ಮೆಟ್ಟಿಲು ಹತ್ತಿ, ಕ್ರೇನಿನ ನೆತ್ತಿಯ ಗಾಜಿನ ಗೂಡಿನಲ್ಲಿ ಕೂತು, ಮೂವತ್ತೊಂದು ವರ್ಷ ಹಡಗುಗಳಿಗೆ ಸರಕು ಏರಿಸಿದವನನ್ನು ಇನ್ನೇನೆಂದು ಕರೆಯಬೇಕು? ಏನಾದರೂ ತೊಡಕು ಬಂದರೆ ಕೆಳಗಿನವರು "ಮೇಲಿನವನು ನೋಡ್ಕೋತಾನೆ ಬಿಡು" ಎಂದು ಗೂಡಿನ ಕಡೆ ಕೈ ಮುಗಿದು ನಗುತ್ತಿದ್ದರು. ಆ ಹೆಸರಿನ ಬಗ್ಗೆ ಅವನಿಗೂ ಒಳಗೊಳಗೇ ಹೆಮ್ಮೆ. ಹೊರಗೆ ಮಾತ್ರ ಸದಾ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿದ್ದ.

ಅಷ್ಟು ಎತ್ತರದಿಂದ ಕೊಕ್ಕೆ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ಕಾಣುವುದಿಲ್ಲ. ಕೆಳಗೆ ನಿಂತ ಸನ್ನೆಗಾರನ ಕೈಯೇ ಅವನಿಗೆ ಕಣ್ಣು. ಆ ಸನ್ನೆಗಾರ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಇಪ್ಪತ್ತೆರಡು ವರ್ಷಗಳಲ್ಲಿ ಇಬ್ಬರೂ ಬಾಯಿಂದ ಆಡಿದ್ದಕ್ಕಿಂತ ಕೈಯಿಂದ ಆಡಿದ ಮಾತೇ ಹೆಚ್ಚು. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ 'ಎತ್ತು', ಕೆಳಗೆ ಮಾಡಿದರೆ 'ಇಳಿಸು'. ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಅಗಲವಾಗಿ ಚಾಚಿ, ಅಂಗೈ ನೆಲದ ಕಡೆ ಮಾಡಿದರೆ 'ನಿಲ್ಲಿಸು'. ಎತ್ತು, ಇಳಿಸು ಅನ್ನುವ ಅಧಿಕಾರ ಸನ್ನೆಗಾರನೊಬ್ಬನಿಗೇ. ನಿಲ್ಲಿಸು ಅನ್ನುವುದಕ್ಕೆ ಮಾತ್ರ ಯಾವ ಅಧಿಕಾರವೂ ಬೇಡ. ಗೂಡಿನ ಗೋಡೆಗೆ ಅಂಟಿಸಿದ ನಿಯಮಪಟ್ಟಿ ಹೇಳುವುದೇ ಹಾಗೆ: ಯಾರೇ ಸನ್ನೆ ಕೊಟ್ಟರೂ ನಿಲ್ಲಿಸತಕ್ಕದ್ದು, ಕೊಟ್ಟವರು ಕೈ ಇಳಿಸುವವರೆಗೆ ಭಾರವನ್ನು ಅಲುಗಿಸಕೂಡದು. ಕಸ ಗುಡಿಸುವಾಕೆ ಕೈ ಚಾಚಿದಾಗಲೂ ಅವನು ನಿಲ್ಲಿಸಿದ್ದುಂಟು. ಒಮ್ಮೆಯಂತೂ ಕಚೇರಿಯ ಬಾಗಿಲಲ್ಲಿ ಮೈ ಮುರಿಯುತ್ತಿದ್ದ ಗುಮಾಸ್ತನನ್ನು ಕಂಡು ಐದು ಟನ್ನಿನ ಭಾರವನ್ನು ಗಾಳಿಯಲ್ಲೇ ನಿಲ್ಲಿಸಿ ನಗೆಪಾಟಲಾಗಿದ್ದ.

ಎರಡು ಸಮುದ್ರಗಳಾಚೆ ಎರಡು ದೇಶಗಳು ಹೊಡೆದಾಡತೊಡಗಿದಾಗ ಊರಿಗೆ ಊರೇ ಯುದ್ಧಪಂಡಿತರಿಂದ ತುಂಬಿಹೋಯಿತು. ಆ ದೇಶಗಳು ನಕಾಶೆಯಲ್ಲಿ ಎಲ್ಲಿವೆ ತೋರಿಸು ಅಂದರೆ ತಡಬಡಾಯಿಸುವವರೂ ಸೇನಾಪತಿಗಳಾದರು. ಕ್ಷೌರಿಕ ಒಂದು ದೇಶದ ಪರ ವಹಿಸಿದ. ಎದುರಿನ ಟೀ ಅಂಗಡಿಯವನು ಇನ್ನೊಂದರ ಪರ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಇಬ್ಬರೂ ಬೀದಿಯಲ್ಲಿ ಕೂಗಾಡಿ ಮಾತು ಬಿಟ್ಟರು. ಮೇಲಿನವನು ಯಾರ ಪರವೂ ಅಲ್ಲ. ಊರ ಉಸಾಬರಿ ತನಗ್ಯಾಕೆ ಎಂದು ತೆಪ್ಪಗಿದ್ದ.

ಆಮೇಲೆ ಒಂದು ದಿನ ಪತ್ರಿಕೆಯಲ್ಲಿ ಆ ಯುದ್ಧದಲ್ಲಿ ಮಾಡು ಹಾರಿಹೋದ ಶಾಲೆಯೊಂದರ ಚಿತ್ರ ಬಂತು. ಅದೇ ವಾರ ನಮ್ಮ ಬಂದರಿನಲ್ಲೇ 'ಯಂತ್ರದ ಬಿಡಿಭಾಗ' ಎಂದು ಬರೆದಿದ್ದ ಪೆಟ್ಟಿಗೆಯೊಂದು ಲಾರಿಯಿಂದ ಜಾರಿ ಬಿದ್ದು ಬಾಯಿ ತೆರೆಯಿತು. ಒಳಗಿದ್ದವು ತೋಪಿನ ಗುಂಡುಗಳು. ಸುದ್ದಿ ಸಂಜೆಯೊಳಗೆ ಮನೆಮನೆ ಮುಟ್ಟಿತು. ಯಾವ ದೇಶದ್ದು ಸರಿ, ಯಾವುದರದ್ದು ತಪ್ಪು ಅನ್ನುವ ವಾದ ಅಲ್ಲಿಗೇ ಮುಗಿದು, ನಮ್ಮೂರಿನಿಂದ ಅದು ಹೋಗಬಾರದು ಅನ್ನುವ ಒಂದೇ ಮಾತು ಉಳಿಯಿತು.

ಮರುದಿನ ಆ ಪೆಟ್ಟಿಗೆಗಳನ್ನು ಎತ್ತುವ ಹೊತ್ತಿಗೆ ಸನ್ನೆಗಾರ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತ. ಮೇಲ್ವಿಚಾರಕ ಗದರಿಸಿದ, ಗೋಗರೆದ, ಕೊನೆಗೆ ಅಮಾನತು ಮಾಡಿದ. ಸಂಜೆ ಅವನು ಅಕ್ಕನ ಮನೆಗೆ ಬಂದು, "ಭಾವ, ನನ್ನ ಕೈ ಮೇಲೇಳ್ತಿಲ್ಲ" ಎಂದಷ್ಟೇ ಹೇಳಿದ. ಭಾವನಿಗೆ ಸಿಟ್ಟು ನೆತ್ತಿಗೇರಿತು. ನೀನು ಎತ್ತದಿದ್ದರೆ ಇನ್ನೊಬ್ಬ ಎತ್ತುತ್ತಾನೆ, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುತ್ತೀಯಾ, ನನಗೆ ನಿವೃತ್ತಿಗೆ ಇನ್ನು ಹನ್ನೊಂದೇ ತಿಂಗಳು, ಈಗ ಆಜ್ಞೆ ಮೀರಿದರೆ ಕೆಲಸದ ಜೊತೆ ಪಿಂಚಣಿಗೂ ಕಲ್ಲು ಬೀಳುತ್ತದೆ ಎಂದು ಒಂದೇ ಉಸಿರಿಗೆ ಕೂಗಾಡಿದ. ಭಾವಮೈದ ಎದ್ದು ಹೋದ. ಹೆಂಡತಿ ತಟ್ಟೆ ತೊಳೆಯುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ.

"ಅವನು ಕೈ ಜೇಬಲ್ಲಿಟ್ಟ. ನೀವು ಎಲ್ಲಿಡ್ತೀರಿ?"

ಆಜ್ಞೆ ಅಂದರೆ ಆಜ್ಞೆ ಎಂದು ಗೊಣಗಿ ಅವನು ಹೋಗಿ ಮಲಗಿದ.

ಆ ಗುಂಡುಗಳನ್ನು ಒಯ್ಯುವ ಹಡಗು ಹೊರಡಬೇಕಿದ್ದ ದಿನ ಬೆಳಿಗ್ಗೆ ಹತ್ತಕ್ಕೆ ಅವನು ಗೂಡಿನಲ್ಲಿ ಕೂತಿದ್ದ. ಕೆಳಗೆ ಹೊಸ ಸನ್ನೆಗಾರ. ಮಧ್ಯಾಹ್ನ ಎರಡಕ್ಕೆ ಕಡಲಿನ ಇಳಿತ ಶುರುವಾಗಿ ನೀರು ತಗ್ಗುತ್ತದೆ. ಅಷ್ಟರೊಳಗೆ ಹಡಗು ದಡ ಬಿಡಲೇಬೇಕು. ಬೇಲಿಯಾಚೆ ಜನ ಸೇರುತ್ತಿದ್ದರು. ಅವನ ಲೆಕ್ಕದಲ್ಲಿ ಇನ್ನೂರು ಮುನ್ನೂರು ಮಂದಿ ಬಂದು, ಕೂಗಿ, ಬಿಸಿಲಿಗೆ ಸುಸ್ತಾಗಿ ಹೋಗಬೇಕಿತ್ತು. ಆದರೆ ಬೇಲಿಯಿಂದ ಹಿಡಿದು ರೈಲ್ವೆ ಗೇಟಿನವರೆಗೆ ರಸ್ತೆಯ ನೆಲವೇ ಕಾಣದಷ್ಟು ತಲೆಗಳು. ಅವರ ಘೋಷಣೆ ಅಷ್ಟೆತ್ತರಕ್ಕೆ ಬರೀ ಗುಂಯ್‌ಗುಡುವಿಕೆಯಾಗಿ ಬರುತ್ತಿತ್ತು. ಹೊಸ ಸನ್ನೆಗಾರ ಬೆರಳು ತಿರುಗಿಸಿದ. ಮೇಲಿನವನು ಹಿಡಿ ಎಳೆದ. ಪೆಟ್ಟಿಗೆಗಳ ಮೊದಲ ಕಟ್ಟು ನೆಲ ಬಿಟ್ಟು ಒಂದು ಮೊಳ ಎದ್ದಿತು.

ಆಗ ಗುಂಯ್‌ಗುಡುವಿಕೆ ನಿಂತಿತು.

ಅವನು ತಲೆಯೆತ್ತಿ ನೋಡಿದ. ಬೇಲಿಯ ಪಕ್ಕದ ಗೋಡೆ ಹತ್ತಿ ಭಾವಮೈದ ನಿಂತಿದ್ದ. ಎರಡೂ ಕೈ ಚಾಚಿದ್ದ, ಅಂಗೈ ನೆಲಕ್ಕೆ. ಅವನ ಹಿಂದೆ ಮೊದಲ ಸಾಲು ಕೈ ಚಾಚಿತು, ಅದರ ಹಿಂದಿನ ಸಾಲು, ಅದರ ಹಿಂದಿನದು. ರೈಲ್ವೆ ಗೇಟಿನವರೆಗೆ ಸಾವಿರಾರು ಜನ ಸದ್ದಿಲ್ಲದೆ, ಒಬ್ಬರ ಕೈಗೆ ಒಬ್ಬರ ಕೈ ತಾಗಿಸಿ, ಅವನೊಬ್ಬನನ್ನೇ ನೋಡುತ್ತ, ಅವನ ಕಸುಬಿನ ಮಾತಿನಲ್ಲೇ 'ನಿಲ್ಲಿಸು' ಅನ್ನುತ್ತಿದ್ದರು.

ಮೂವತ್ತೊಂದು ವರ್ಷ ಮೇಲೆ ಕೂತು ಕೆಳಗಿನವರನ್ನು ನೋಡಿದ್ದ. ಅವರು ಇಷ್ಟು ದೊಡ್ಡವರಾಗಿ ಕಂಡದ್ದು ಇದೇ ಮೊದಲು. ಕೈ ತಾನಾಗಿಯೇ ಹಿಡಿಯನ್ನು ನಡುವಿಗೆ ತಂದಿತು. ಕಟ್ಟು ಇದ್ದಲ್ಲೇ ನಿಂತಿತು.

ವಾಕಿಟಾಕಿ ಕಿರುಚಿತು. ಯಾಕೆ ನಿಲ್ಲಿಸಿದೆ ಎಂದು ಮೇಲ್ವಿಚಾರಕ.

"ನಿಲ್ಸು ಅಂತ ಸನ್ನೆ ಬಂತು ಸಾರ್."

"ಯಾರು ಕೊಟ್ಟಿದ್ದು?"

ಅವನು ಮತ್ತೊಮ್ಮೆ ಆ ರಸ್ತೆಯುದ್ದಕ್ಕೂ ನೋಡಿದ. "ಎಣಿಸೋಕೆ ಆಗ್ತಿಲ್ಲ ಸಾರ್."

ಹೊರಗಿನವರ ಸನ್ನೆ ಲೆಕ್ಕಕ್ಕಿಲ್ಲ ಎಂದು ಅಧಿಕಾರಿಗಳೂ ದನಿಗೂಡಿಸಿದರು. ಪಟ್ಟಿಯಲ್ಲಿ 'ಯಾರೇ' ಎಂದಿದೆ, 'ಒಳಗಿನವರು' ಎಂದಿಲ್ಲವಲ್ಲ ಎಂದ ಅವನು. ಕಾಣಲಿಲ್ಲ ಅಂದುಬಿಡು, ಎಲ್ಲ ಸರಿಹೋಗುತ್ತದೆ ಎಂದು ದನಿ ತಗ್ಗಿಸಿ ಪುಸಲಾಯಿಸಿದರು. ಪಿಂಚಣಿಯ ನೆನಪು ಮಾಡಿಸಿದರು. ಅವನಿಗೆ ಭಯವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಕಾಣ್ತಿದೆ ಸಾರ್" ಎಂದು ವಾಕಿಟಾಕಿಯನ್ನು ಕೆಳಗಿಟ್ಟ. ಬೇರೆಯವನನ್ನು ಹತ್ತಿಸುವ ಹಾಗೂ ಇರಲಿಲ್ಲ. ಭಾರ ತೂಗುತ್ತಿರುವಾಗ ಚಾಲಕ ಗೂಡು ಬಿಡಬಾರದು ಎಂಬುದೂ ಅವರದೇ ನಿಯಮ.

ಹನ್ನೊಂದಾಯಿತು, ಹನ್ನೆರಡಾಯಿತು. ಕೈ ಸೋತವರು ಮುಂದಿನವರ ಹೆಗಲಿಗೆ ಊರಿದರು. ಕ್ಷೌರಿಕನ ಭುಜದ ಮೇಲೆ ಟೀ ಅಂಗಡಿಯವನ ತೋಳು. ಕೆಲವರ ಸನ್ನೆ ಓರೆಕೋರೆ. ಕಸುಬಿನವನಲ್ಲವೇ, ಈ ಸಂಕಟದಲ್ಲೂ ಅವನಿಗೆ ಕಿರಿಕಿರಿಯಾಯಿತು. ಮುಂದಿನ ಸಾಲಿನಲ್ಲಿ ಒಬ್ಬಳಂತೂ ಅಂಗೈಯನ್ನು ಆಕಾಶಕ್ಕೆ ಮಾಡಿ ನಿಂತಿದ್ದಳು. ಅಯ್ಯೋ ತಾಯಿ, ಅಂಗೈ ಕೆಳಗೆ ಎಂದು ಗೊಣಗುತ್ತ ಕಣ್ಣು ಕಿರಿದು ಮಾಡಿ ನೋಡಿದರೆ, ಅವನ ಹೆಂಡತಿ. ಅವಳು ಮನೆಯಿಂದ ಯಾವಾಗ ಹೊರಟಳೋ! ಇನ್ನು ಬ್ರಹ್ಮ ಬಂದು ಹೇಳಿದರೂ ಹಿಡಿ ಮುಟ್ಟುವುದಿಲ್ಲ ಎಂದುಕೊಂಡ.

ಎರಡು ಗಂಟೆಗೆ ಹಡಗು ಸಿಳ್ಳೆ ಹಾಕಿ, ಖಾಲಿ ಹೊಟ್ಟೆಯಲ್ಲೇ ದಡ ಬಿಟ್ಟಿತು. ಅದು ಹೊರಸಮುದ್ರ ಸೇರಿದ ಮೇಲೆ ಕೈಗಳು ಸಾಲುಸಾಲಾಗಿ ಇಳಿದವು. ಯಾರೂ ಜೈಕಾರ ಹಾಕಲಿಲ್ಲ. ಅವನು ಕಟ್ಟನ್ನು ಸದ್ದಾಗದಂತೆ ನೆಲಕ್ಕಿಟ್ಟು, ಮೆಟ್ಟಿಲಿಳಿದ.

ಗೇಟಿನಲ್ಲಿ ಅವನ ಕ್ರೇನ್ ಪರವಾನಗಿ, ಗುರುತಿನ ಚೀಟಿ ಎರಡನ್ನೂ ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದರು. ಆ ಗುಂಡುಗಳು ಮುಂದೆ ಬೇರೆ ಬಂದರಿನಿಂದ ಹೋದವೋ ಏನೋ, ಹೋಗಿರಲೂಬಹುದು. ಅವತ್ತು ನಮ್ಮೂರಿನಿಂದ ಹೋಗಲಿಲ್ಲ.

ಹೊರಗೆ ಜನ ಅವನಿಗೆ ದಾರಿ ಬಿಟ್ಟರು. ಹೆಂಡತಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಳು. ಭುಜ ಮರಗಟ್ಟಿ ತೋಳು ಕೆಳಗೆ ಬಾರದಾಗಿತ್ತು.

"ಕೆಲಸ?" ಎಂದಳು.

"ಹೋಯ್ತು."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ, "ನನ್ನ ಕೈ ಇಳೀತಿಲ್ಲ ರೀ" ಎಂದಳು.

ಅವನು ಒಂದು ಕೈಯಿಂದ ಅವಳ ಮೊಣಕೈ, ಇನ್ನೊಂದರಿಂದ ಮಣಿಕಟ್ಟು ಹಿಡಿದು, ನೋಯದ ಹಾಗೆ, ಅಷ್ಟು ಜನರೆದುರಿಗೇ, ಬೆರಳಗಲ ಬೆರಳಗಲವಾಗಿ ಇಳಿಸತೊಡಗಿದ.