ಅಭ್ಯಾಸವಿಲ್ಲದೆ ಗೆದ್ದ ಸೆಲ್ಲಪ್ಪನ್

ಮಡತ್ತುಕುಳದ ಗೊಬ್ಬರದಂಗಡಿ ಸೆಲ್ಲಪ್ಪನ್ ಹದಿನೇಳನೇ ವಯಸ್ಸಿನಲ್ಲಿ ಸಾವಿರದೈನೂರು ಮೀಟರ್ ಓಡಿ ಇಡೀ ಜಿಲ್ಲೆಗೆ ಮೊದಲಿಗನಾದವನು. ಅದೂ ಒಂದು ದಿನವೂ ಅಭ್ಯಾಸ ಮಾಡದೆ! ಹಾಗಂತ ಊರು ಹೇಳುತ್ತದೆ. ಊರಿಗೆ ಹೇಳಿದ್ದು ಯಾರು? ಈ ಮಹಾರಾಯನೇ.

ನಿಜ ಬೇರೆಯೇ ಇತ್ತು. ಮೂರು ವರ್ಷ ದಿನಾ ಕೋಳಿ ಕೂಗುವ ಹೊತ್ತಿಗೆದ್ದು, ತೆಂಗಿಗೆ ನೀರು ಕಟ್ಟುತ್ತೇನೆಂದು ಮನೆಯಲ್ಲಿ ಹೇಳಿ, ಅಮರಾವತಿ ಕಾಲುವೆಯ ಏರಿಯ ಮೇಲೆ ಏದುಸಿರು ಬಿಡುತ್ತ ಓಡಿದ್ದ. ಗೊತ್ತಾಗಿದ್ದರೆ ಅಪ್ಪ ಕುಪ್ಪಸಾಮಿ ಬೆನ್ನು ಮುರಿಯುತ್ತಿದ್ದರು. ತೋಟದ ಕೆಲಸ ಬಿಟ್ಟು ಓಡುವವನು ಅವರ ಕಣ್ಣಿಗೆ ಪೋಲಿ. ಗೆದ್ದ ದಿನ ಅಪ್ಪನ ಎದುರಿಗೇ ಹೆಡ್ಮಾಸ್ಟರು ಹೇಗೆ ಕಲಿತೆಯೆಂದು ಕೇಳಿದಾಗ ಹೆದರಿ, "ತಾನಾಗೇ ಬಂತು ಸಾರ್, ನಮ್ಮ ತಾತನ ಕಾಲು" ಎಂದುಬಿಟ್ಟ. ಅಪ್ಪ ಮೀಸೆ ತಿರುವಿದರು. ಆ ಹೊಗಳಿಕೆಯ ರುಚಿ ಹತ್ತಿತು ನೋಡಿ, ಇಪ್ಪತ್ತಾರು ವರ್ಷ ಅದೇ ಬಡಾಯಿ ಕೊಚ್ಚಿದ.

ಈಗ ಮಗಳು ನಿವೇತಾ ಓಡುತ್ತಾಳೆ. ಎರಡು ವರ್ಷದಿಂದ ತರಬೇತಿ ಒಂದು ದಿನ ತಪ್ಪಿಸಿಲ್ಲ. ಮೊನ್ನೆ ತಿರುಪ್ಪೂರಿನ ಪಂದ್ಯದಲ್ಲಿ ಏಳನೆಯವಳಾದಳು. ಇಪ್ಪತ್ತು ಸೆಕೆಂಡು ಇಳಿಸಿದ್ದೀಯ, ಇನ್ನೊಂದು ವರ್ಷ ಬಿಡದೆ ಓಡು ಎಂದು ಕೋಚ್ ಮೋಹನ್ ರಾಜ್ ಹೇಳಿದರೂ ಹುಡುಗಿ ಮನೆಗೆ ಬಂದವಳೇ ಶೂ ಬಿಚ್ಚಿ ಎಸೆದಳು.

"ನಾ ನಿಲ್ಲಿಸ್ತೀನಿ. ಅಪ್ಪನಿಗೆ ಸುಮ್ನೆ ಬಂದಿದ್ದು ನಂಗೆ ಇಷ್ಟು ಒದ್ದಾಡಿದ್ರೂ ಬರ್ಲಿಲ್ಲ. ನನ್ ಮೈಯಲ್ಲಿ ಅದಿಲ್ಲ."

"ಪಾಪ, ನನ್ ಕಡೆ ಕಾಲು ಬಂದ್ಬಿಡ್ತು ಮಗೂಗೆ," ಎಂದು ತಾಯಿ ಶಿವಗಾಮಿ ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಸೆಲ್ಲಪ್ಪನ್ ಮನುಷ್ಯನೇ ಅಲ್ಲ. ಮಾನ ಮರ್ಯಾದೆ ಬಿಟ್ಟು ಎಲ್ಲ ಹೇಳಿದ: ಕಾಲುವೆ ಏರಿ, ಮೂರು ವರ್ಷ, ಉಗುರು ಕಿತ್ತುಹೋದ ಹೆಬ್ಬೆರಳು, ಸುಳ್ಳು. ಹೇಳುತ್ತ ಅತ್ತೇಬಿಟ್ಟ.

ನಿವೇತಾ ಹತ್ತಿರ ಬಂದು ಅವನ ಕಣ್ಣೊರೆಸಿದಳು. "ನನ್ ಸಮಾಧಾನಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ಬೇಡಪ್ಪಾ."

"ನಿಜ ಕಣೇ ಮಗಳೇ! ನಿನ್ ಮೇಲಾಣೆ!"

ಜಗಲಿಯ ಮೇಲಿದ್ದ ಕುಪ್ಪಸಾಮಿ ಗೊಳ್ಳನೆ ನಕ್ಕರು. "ಪ್ರಾಕ್ಟೀಸಂತೆ! ಏ, ಆಗ ನೀ ನೀರು ಕಟ್ಟೋಕೆ ತಾನೇ ಹೋಗ್ತಿದ್ದೆ? ನಂಗೊತ್ತಿಲ್ವಾ? ಅದು ನಮ್ ರಕ್ತ ಕಣೋ."

ಸೆಲ್ಲಪ್ಪನ್ ಹೆಂಡತಿಯ ಮುಖ ನೋಡಿದ. ಅವಳೂ ನಂಬಿರಲಿಲ್ಲ, ಎಂಥ ಒಳ್ಳೆ ಅಪ್ಪ ಎಂಬಂತೆ ಅವನನ್ನೇ ನೋಡುತ್ತಿದ್ದಳು.

"ಕೋಚ್ ಸಾರ್‌ಗೆ ನೀನೇ ಹೇಳ್ಬಿಡಪ್ಪಾ, ಇನ್ಮೇಲೆ ಬರಲ್ಲ ಅಂತ. ನೀ ಹೇಳಿದ್ರೆ ಕೇಳ್ತಾರೆ," ಎಂದು ನಿವೇತಾ ಫೋನನ್ನು ಅವನ ಕೈಗಿಟ್ಟಳು. ಕೋಚ್ ನಂಬರಿಗೆ ಆಗಲೇ ರಿಂಗ್ ಹೋಗುತ್ತಿತ್ತು.